ಬೆಂಗಳೂರಿಗೆ ಬಾರದೆ ಹೋದ ಆಟಗಾರ್ತಿ

ಗೆದ್ದವರನ್ನು ಮೆರವಣಿಗೆ ಮಾಡುವುದು, ಸೋತವರನ್ನು ಮರೆಯುವುದು ಲೋಕದ ರೂಢಿ. ಆದರೆ ಆಡುವವಳು ಹೆಣ್ಣುಮಗಳಾದರೆ ನಾವು ಗೆಲುವು ಸೋಲುಗಳೆರಡನ್ನೂ ಬದಿಗಿಟ್ಟು ಅವಳ ಉಡುಪು, ಮಾತು, ಮದುವೆಗಳನ್ನೇ ಚರ್ಚೆಗೆ ಎತ್ತಿಕೊಳ್ಳುತ್ತೇವೆ. ಇಂತಹ ಚರ್ಚೆಗೆ ಬೆಲೆ ತೆತ್ತವರು ಯಾರು? ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ ಅವರ ಜೀವನದಲ್ಲಿ ನಮ್ಮ ಬೆಂಗಳೂರಿಗೆ ಸಂಬಂಧಿಸಿದ ಒಂದು ಪ್ರಸಂಗವಿದೆ. ಅದನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಸಾನಿಯಾ ಹುಟ್ಟಿದ್ದು 1986ರಲ್ಲಿ ಮುಂಬಯಿಯಲ್ಲಿ, ಬೆಳೆದದ್ದು ಹೈದರಾಬಾದಿನಲ್ಲಿ. ಆರನೆಯ ವಯಸ್ಸಿಗೇ ರ‍್ಯಾಕೆಟ್ ಹಿಡಿದ ಆಕೆ ತಾನು ಸೆಗಣಿ ಸಾರಿಸಿದ ಅಂಗಳದಲ್ಲಿ ಆಟ ಕಲಿತದ್ದನ್ನು ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ತಂದೆಯೇ ಮಾರ್ಗದರ್ಶಕರು. 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಪ್ರಶಸ್ತಿ ಬಂತು. 2005 ಅವರ ಪಾಲಿಗೆ ಬೆರಗಿನ ವರ್ಷ. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಮೂರನೆಯ ಸುತ್ತಿನವರೆಗೆ ಹೋದರು. ಫೆಬ್ರವರಿಯಲ್ಲಿ ತಮ್ಮದೇ ಊರಾದ ಹೈದರಾಬಾದಿನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಭಾರತದ ಯಾವ ಮಹಿಳೆಗೂ ಅದುವರೆಗೆ ಆ ಪ್ರಶಸ್ತಿ ದಕ್ಕಿರಲಿಲ್ಲ. ಅದೇ ವರ್ಷ ಅಮೆರಿಕನ್ ಓಪನ್‌ನ ನಾಲ್ಕನೆಯ ಸುತ್ತನ್ನೂ ತಲುಪಿದರು. 1998ರಲ್ಲಿ ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ ಗ್ರ್ಯಾಂಡ್‌ಸ್ಲ್ಯಾಮ್‌ನ ಪ್ರಧಾನ ಹಂತದಲ್ಲಿ ಒಂದು ಪಂದ್ಯ ಗೆದ್ದದ್ದೇ ನಮಗೆ ಅಲ್ಲಿಯವರೆಗಿನ ದೊಡ್ಡ ಸಾಧನೆಯಾಗಿತ್ತು ಎಂಬುದನ್ನು ನೆನೆದರೆ, ಈ ಜಿಗಿತ ಎಷ್ಟೆಂಬುದು ಅರಿವಾಗುತ್ತದೆ.

2007ರಲ್ಲಿ ಸಾನಿಯಾ ಸಿಂಗಲ್ಸ್‌ನಲ್ಲಿ ವಿಶ್ವದ 27ನೆಯ ಸ್ಥಾನಕ್ಕೇರಿದರು. "ಇಪ್ಪತ್ತೇಳು ತಾನೇ?" ಎಂದವರನ್ನು ನಾನು ಬಲ್ಲೆ. ಗ್ರ್ಯಾಂಡ್‌ಸ್ಲ್ಯಾಮ್‌ನ ಪ್ರಧಾನ ಹಂತದಲ್ಲಿ ಆಡುವವರು 128 ಮಂದಿ. ಅವರಲ್ಲಿ ಸ್ಥಾನದ ಬಲದಿಂದ ನೇರ ಪ್ರವೇಶ ಪಡೆಯುವವರು ನೂರಕ್ಕೆ ತುಸು ಹೆಚ್ಚು. ಉಳಿದ ನೂರಾರು ಹುಡುಗಿಯರು ದೇಶದಿಂದ ದೇಶಕ್ಕೆ ಅಲೆದು ಸಣ್ಣ ಪಂದ್ಯಾವಳಿಗಳಲ್ಲಿ ಅಂಕ ಕೂಡಿಹಾಕಬೇಕು. 52 ವಾರ ಕಳೆದರೆ ಹಳೆಯ ಅಂಕ ಉದುರಿಹೋಗುತ್ತದೆ; ಗಾಯಗೊಂಡು ಮನೆಯಲ್ಲಿ ಕುಳಿತರೆ ಕಷ್ಟಪಟ್ಟು ಹತ್ತಿದ ಮೆಟ್ಟಿಲುಗಳನ್ನು ಇಳಿಯಬೇಕು. ಇಂತಹ ಏಣಿಯಲ್ಲಿ 27 ಎಂಬುದು ಸಣ್ಣ ಸಂಖ್ಯೆಯಲ್ಲ.

ಆದರೆ ಈ ಹುಡುಗಿಯ ವಿಷಯದಲ್ಲಿ ನಮ್ಮ ದೇಶ ಮಾತನಾಡಿದ್ದು ಬೇರೆಯದನ್ನೇ. 2005ರಲ್ಲಿ ಆಕೆಯ ತುಂಡು ಲಂಗದ ಬಗ್ಗೆ ಗದ್ದಲವೆದ್ದು, ಕೋಲ್ಕತ್ತದಲ್ಲಿ ಆಡಲು ಹೋದಾಗ ವಿಶೇಷ ಪೊಲೀಸ್ ಕಾವಲು ಬೇಕಾಯಿತು. 2007ರ ಕೊನೆಯಲ್ಲಿ ಹೈದರಾಬಾದಿನ ಮಸೀದಿಯ ಆವರಣದಲ್ಲಿ ನಡೆದ ಜಾಹೀರಾತು ಚಿತ್ರೀಕರಣ ವಿವಾದವಾಯಿತು. 2008ರ ಆರಂಭದಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಮೇಜಿನ ಮೇಲೆ ಚಾಚಿದ್ದ ಆಕೆಯ ಪಾದದ ಬಳಿ ರಾಷ್ಟ್ರಧ್ವಜ ಕಂಡಿತೆಂದು ದೂರು ದಾಖಲಾಯಿತು. ಒಂದು ಕಡೆಯವರಿಗೆ ಆಕೆಯ ಧರ್ಮನಿಷ್ಠೆ ಸಾಲದು, ಇನ್ನೊಂದು ಕಡೆಯವರಿಗೆ ದೇಶಭಕ್ತಿ ಸಾಲದು! ಆಟವನ್ನೇ ಬಿಟ್ಟುಬಿಡುವ ಯೋಚನೆಯೂ ಬಂದಿತ್ತೆಂದು ಆಕೆ ಆಗ ಹೇಳಿದರು. ಆಗ ಆಕೆಯ ವಯಸ್ಸು 21.

ಇನ್ನು ಬೆಂಗಳೂರಿನ ಮಾತು. 2006ರಲ್ಲಿ ಇಲ್ಲಿ ನಡೆದ ಬೆಂಗಳೂರು ಓಪನ್‌ನಲ್ಲಿ ಲೀಜಲ್ ಹ್ಯೂಬರ್ ಜೊತೆಗೂಡಿ ಸಾನಿಯಾ ಡಬಲ್ಸ್ ಗೆದ್ದಿದ್ದರು. 2008ರ ವೇಳೆಗೆ ಪಂದ್ಯಾವಳಿ ದೊಡ್ಡದಾಗಿ ಬೆಳೆಯಿತು. ಬಹುಮಾನದ ಮೊತ್ತ ಆರು ಲಕ್ಷ ಡಾಲರ್. ಕಬ್ಬನ್ ಪಾರ್ಕಿನ ಅಂಗಳದಲ್ಲಿ ಅಕ್ಕತಂಗಿಯರಾದ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಸೆಮಿಫೈನಲ್‌ನಲ್ಲಿ ಎದುರಾದರು. ಅಕ್ಕನನ್ನು ಸೋಲಿಸಿದ ಸೆರೆನಾ ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನೂ ಮಣಿಸಿ ಪ್ರಶಸ್ತಿ ಗೆದ್ದರು. ಲೋಕವೇ ಬಂದ ಆ ಹಬ್ಬಕ್ಕೆ ನಮ್ಮ ದೇಶದ ಅತ್ಯುತ್ತಮ ಆಟಗಾರ್ತಿ ಬರಲಿಲ್ಲ. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ವಿವಾದ ಹುಟ್ಟುತ್ತದೆ, ಆದ್ದರಿಂದ ಈ ಬಾರಿ ಆಡದಿರುವುದೇ ಲೇಸು ಎಂಬುದು ಆಕೆಯೇ ಕೊಟ್ಟ ಕಾರಣ. ಸ್ವಂತ ನಾಡಿನ ಅಂಗಳಕ್ಕಿಂತ ಪರದೇಶದ ಅಂಗಳವೇ ನೆಮ್ಮದಿ ಎಂದು ಒಬ್ಬ ಕ್ರೀಡಾಪಟುವಿಗೆ ಅನ್ನಿಸಿದರೆ, ಅದು ಅವಳ ಸೋಲಲ್ಲ, ನಮ್ಮದು.

"ಸಾರ್ವಜನಿಕ ಜೀವನಕ್ಕೆ ಬಂದ ಮೇಲೆ ಟೀಕೆ ಸಹಿಸಬೇಕಲ್ಲವೇ?" ಎಂದು ಮಿತ್ರರು ಕೇಳುತ್ತಾರೆ. ಖಂಡಿತ ಸಹಿಸಬೇಕು, ಆದರೆ ಅದು ಆಟದ ಟೀಕೆಯಾಗಿರಲಿ. ಸಾನಿಯಾ ಅವರ ಫೋರ್‌ಹ್ಯಾಂಡ್ ಹೊಡೆತ ಸಿಡಿಲಿನಂತಹುದು. ಎರಡನೆಯ ಸರ್ವ್ ದುರ್ಬಲ. ಅಂಗಳದಲ್ಲಿ ಓಡಾಟದ ಚುರುಕು ಸಾಲದು. ಇವೆಲ್ಲ ನ್ಯಾಯವಾದ ವಿಮರ್ಶೆಗಳೇ. ವಿದ್ಯಾರ್ಥಿಯ ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರು ಅವನ ಅಂಗಿಯ ಬಣ್ಣ ನೋಡಿ ಅಂಕ ಕೊಡುವುದಿಲ್ಲವಷ್ಟೇ.

ಈ ಮಾತನ್ನು ಒತ್ತಿ ಹೇಳಲು ನನಗೊಂದು ಕಾರಣವಿದೆ. ಬೊಮ್ಮಸಂದ್ರದ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳಿಗೆ ನಾನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಖೋಖೋದಲ್ಲಿ, ಥ್ರೋಬಾಲಿನಲ್ಲಿ ಮಿಂಚಿನಂತೆ ಆಡುತ್ತಿದ್ದ ಹುಡುಗಿಯರನ್ನು ಕಂಡಿದ್ದೇನೆ. ತಾಲ್ಲೂಕು ಮಟ್ಟದಲ್ಲಿ ಗೆದ್ದು ಬಂದವಳನ್ನು ಜಿಲ್ಲಾ ಮಟ್ಟಕ್ಕೆ ಕಳುಹಿಸಿಕೊಡಿ ಎಂದು ಕೇಳಿದರೆ ತಂದೆ ಕೈಮುಗಿದು, "ನಾಲ್ಕು ಜನ ಏನಂತಾರೆ ಮೇಷ್ಟ್ರೇ?" ಎನ್ನುತ್ತಿದ್ದರು. ಖರ್ಚಿನ ಚಿಂತೆಯೂ ಇರುತ್ತಿತ್ತು. ಅದಕ್ಕೆ ಹೇಗೋ ದಾರಿ ಹುಡುಕಬಹುದಿತ್ತು. ಆ 'ನಾಲ್ಕು ಜನ'ರಿಗೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ಖ್ಯಾತ ಆಟಗಾರ್ತಿಯ ಬಗ್ಗೆ ಚಹಾದಂಗಡಿಯಲ್ಲಿ, ಟಿ.ವಿ.ಯಲ್ಲಿ ನಡೆಯುವ ಹರಟೆಯನ್ನು ಇಂತಹ ತಂದೆಯರೂ ಕೇಳುತ್ತಾರೆ. ಕೇಳಿ, ಸದ್ದಿಲ್ಲದೆ ಮಗಳ ಬೂಟನ್ನು ಎತ್ತಿಡುತ್ತಾರೆ.

ಸಾನಿಯಾ ಗಟ್ಟಿಗಿತ್ತಿ, ತಾಳಿಕೊಂಡರು. ಮಣಿಕಟ್ಟಿನ ಗಾಯ, ಶಸ್ತ್ರಚಿಕಿತ್ಸೆಗಳ ನಂತರ ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ತಮ್ಮನ್ನು ಒಪ್ಪಿಸಿಕೊಂಡರು. ಮಹೇಶ್ ಭೂಪತಿ ಜೊತೆ ಎರಡು, ಬ್ರೂನೋ ಸೋರೆಸ್ ಜೊತೆ ಒಂದು, ಮಾರ್ಟಿನಾ ಹಿಂಗಿಸ್ ಜೊತೆ ಮೂರು, ಹೀಗೆ ಒಟ್ಟು ಆರು ಗ್ರ್ಯಾಂಡ್‌ಸ್ಲ್ಯಾಮ್ ಪ್ರಶಸ್ತಿಗಳನ್ನು ಗೆದ್ದರು. 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. 2018ರಲ್ಲಿ ತಾಯಿಯಾದರು, 2020ರ ಜನವರಿಯಲ್ಲಿ ಅಂಗಳಕ್ಕೆ ಮರಳಿ ಹೋಬಾರ್ಟ್‌ನಲ್ಲಿ ಪ್ರಶಸ್ತಿ ಗೆದ್ದರು. 2023ರಲ್ಲಿ ನಿವೃತ್ತರಾದರು. ಆಕೆಗೆ ಬೆನ್ನಿಗೆ ನಿಂತ ತಂದೆತಾಯಿಯರಿದ್ದರು. ಆ ಭಾಗ್ಯವಿಲ್ಲದೆ ಅರ್ಧದಲ್ಲೇ ನಿಂತವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

2025ರ ನವೆಂಬರಿನಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್‌ನ ಪ್ಲೇಆಫ್ ಪಂದ್ಯಗಳು ಕಬ್ಬನ್ ಪಾರ್ಕಿನ ಅದೇ ಅಂಗಳದಲ್ಲಿ ನಡೆದವು. ಈಗ ಅದಕ್ಕೆ ಎಸ್. ಎಂ. ಕೃಷ್ಣ ಟೆನಿಸ್ ಕ್ರೀಡಾಂಗಣವೆಂದು ಹೆಸರು. ಶ್ರೀವಲ್ಲಿ ರಶ್ಮಿಕಾ, ಸಹಜಾ ಯಮಲಪಲ್ಲಿ, ಅಂಕಿತಾ ರೈನಾ ಮೊದಲಾದವರಿದ್ದ ನಮ್ಮ ತಂಡ ಸ್ಲೊವೇನಿಯಾ, ನೆದರ್ಲೆಂಡ್ಸ್ ಎರಡಕ್ಕೂ ಸೋತಿತು. ಸೋಲಲಿ, ಸೋಲು ಆಟದ ಭಾಗ. ಆ ವರ್ಷದ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಬೊಮ್ಮಸಂದ್ರದಲ್ಲಿ ಮೆಟ್ರೊ ಹತ್ತಿ, ನಡುವೆ ಎರಡು ಕಡೆ ಬದಲಿಸಿದರೆ ಕಬ್ಬನ್ ಪಾರ್ಕ್ ನಿಲ್ದಾಣ ತಲುಪಬಹುದು. ಮುಂದೆ ಅಲ್ಲಿ ಮಹಿಳೆಯರ ಪಂದ್ಯ ನಡೆದಾಗ ನಿಮ್ಮ ಹೆಣ್ಣುಮಕ್ಕಳನ್ನು ಕರೆದೊಯ್ಯಿರಿ. ಹಿಂದಿರುಗುವಾಗ ಯಾರ ಸರ್ವ್ ಚೆನ್ನಾಗಿತ್ತು, ಯಾರು ಎಲ್ಲಿ ಎಡವಿದರು ಎಂದು ಮಾತನಾಡಿ. ಆಟದ ಮಾತನ್ನೇ ಆಡುವ ನಾಲ್ಕು ಜನ ಮೊದಲು ನಾವಾಗೋಣ.