ಗಡಿಯ ಬಾಗಿಲು, ಮನೆಯ ಬಾಗಿಲು

ಜಯನಗರದ ಪಾರ್ಕುಗಳಲ್ಲಿ ಸಾಯಂಕಾಲ ಕೂಡುವ ಹಿರಿಯರ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಅಮೆರಿಕದಲ್ಲಿರುವ ಮಕ್ಕಳ ಬಳಿಗೇ ಹೋಗಿ ನಿಲ್ಲುತ್ತದೆ. ಮಗನಿಗೆ ಗ್ರೀನ್ ಕಾರ್ಡ್ ಬಂತೇ, ವೀಸಾ ಸಿಕ್ಕಿತೇ ಎಂಬುದೇ ವಿಚಾರಣೆ. ಈ ಕಾಗದಗಳ ಹಿಂದಿರುವ ನ್ಯಾಯ ಎಂಥದೆಂದು ಮಾತ್ರ ಯಾರೂ ಕೇಳುವುದಿಲ್ಲ. ನಾವು ಕೇಳೋಣ.

ಬನಶಂಕರಿಯ ಒಂದೇ ಬೀದಿಯಲ್ಲಿ ಬೆಳೆದ ಇಬ್ಬರು ಡೆಟ್ರಾಯಿಟ್ ನಗರದಲ್ಲಿ ದುಡಿಯುತ್ತಿದ್ದಾರೆಂದು ಇಟ್ಟುಕೊಳ್ಳಿ. ಇಬ್ಬರದೂ ಭಾರತದ ಪಾಸ್‌ಪೋರ್ಟು. ನದಿಯ ಆಚೆ ದಡದಲ್ಲೇ ಕೆನಡಾದ ವಿಂಡ್ಸರ್ ಪಟ್ಟಣ. ಒಬ್ಬನಿಗೆ ಗ್ರೀನ್ ಕಾರ್ಡ್ ಬಂದಿದೆ. ಅವನು ಅಮೆರಿಕದ ಖಾಯಂ ನಿವಾಸಿ. ಪಾಸ್‌ಪೋರ್ಟನ್ನೂ ಕಾರ್ಡನ್ನೂ ತೋರಿಸಿದರೆ ಸಾಕು, ಕೆನಡಾದ ವೀಸಾ ಬೇಕಿಲ್ಲ. ಇಂಥವರು ವಿಮಾನದಲ್ಲಿ ಹೋಗುವುದಾದರೆ ಪಡೆಯಬೇಕಾಗಿದ್ದ ಮುಂಗಡ ಅನುಮತಿಯೂ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಇನ್ನೊಬ್ಬ ಎಚ್-1ಬಿ ವೀಸಾದ ಮೇಲೆ ಇರುವವನು. ಅದೇ ಕೆಲಸ, ಅದೇ ತೆರಿಗೆ. ಆದರೆ ನದಿ ದಾಟಲು ಅವನು ವೀಸಾಕ್ಕೆ 100 ಡಾಲರ್, ಬೆರಳಚ್ಚಿಗೆ 85 ಡಾಲರ್ ಕಟ್ಟಿ ಕಾಯಬೇಕು. ಮಗನನ್ನು ನೋಡಲು ಹೋದ ತಾಯಿಗೂ ಇದೇ ಪಾಡು.

ಇವರಿಬ್ಬರಿಗಿರುವ ಅಂತರ ಯೋಗ್ಯತೆಯದಲ್ಲ, ಸರತಿಯದು. ಉದ್ಯೋಗದ ಆಧಾರದ ಮೇಲೆ ಕೊಡುವ ಕಾರ್ಡುಗಳಲ್ಲಿ ಒಂದೊಂದು ದೇಶದವರಿಗೆ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲದೆಂಬುದು ಅಮೆರಿಕದ ಕಾನೂನು. ದೇಶ ಚಿಕ್ಕದಿರಲಿ ದೊಡ್ಡದಿರಲಿ, ಮಿತಿ ಒಂದೇ. ಆದ್ದರಿಂದಲೇ ನಮ್ಮವರ ಸರತಿ ದಶಕಗಳಷ್ಟು ಉದ್ದ. ಇತ್ತ ಅಮೆರಿಕದ ದಕ್ಷಿಣದ ನೆರೆಯಾದ ಮೆಕ್ಸಿಕೋ, ಕಾರ್ಡಿದ್ದವನಿಗೂ ಅಮೆರಿಕದ ಚಾಲ್ತಿ ವೀಸಾ ಇದ್ದವನಿಗೂ ಪ್ರವಾಸಕ್ಕೆ ಬೇರೆ ವೀಸಾ ಕೇಳುವುದಿಲ್ಲ. ಮೆಕ್ಸಿಕೋಗೆ ಆದದ್ದು ಕೆನಡಾಕ್ಕೆ ಏಕಾಗದು? ನ್ಯಾಯವಾಗಿ ನೆಲೆಸಿ ದುಡಿಯುತ್ತಿರುವವನ ದುಡಿಮೆಯೇ ಅವನ ರಹದಾರಿಯಾಗಬೇಕು. ನಮ್ಮ ಸರಕಾರ ಇದನ್ನು ಗಟ್ಟಿಯಾಗಿ ಕೇಳಬೇಕು.

ಆದರೆ ಕೇಳುವ ಮೊದಲು ನಮ್ಮ ಬಾಗಿಲನ್ನೂ ನೋಡಿಕೊಳ್ಳೋಣ. ನಮಗೂ ಒಂದು ನೆರೆಯ ದೇಶವಿದೆ. 1950ರ ಜುಲೈ 31ರಂದು ಭಾರತ, ನೇಪಾಳಗಳು ಮಾಡಿಕೊಂಡ ಒಪ್ಪಂದದ 7ನೆಯ ವಿಧಿಯು ಒಬ್ಬರ ನಾಡಿನಲ್ಲಿ ಇನ್ನೊಬ್ಬರಿಗೆ ವಾಸ, ಆಸ್ತಿ, ವ್ಯಾಪಾರ, ಸಂಚಾರಗಳಲ್ಲಿ ಸಮಾನ ಸವಲತ್ತು ಕೊಡುತ್ತದೆ. ಜಯನಗರದವರು ಕಠ್ಮಂಡುವಿಗೆ ವಿಮಾನದಲ್ಲಿ ಹೋಗಲು ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಗುರುತಿನ ಚೀಟಿಯೇ ನಡೆಯುತ್ತದೆ. ಹೋಗಿಬಂದವರು ಇದನ್ನು ಸಂತೋಷದಿಂದ ಹೇಳುತ್ತಾರೆ.

ಅದೇ ಒಪ್ಪಂದದ ಬಲದಿಂದ ಬಂದ ನೇಪಾಳಿ ಬಿಟಿಎಂ ಬಡಾವಣೆಯ ಗೇಟಿನ ಬಳಿ ರಾತ್ರಿಯಿಡೀ ನಿಂತಿರುತ್ತಾನೆ. ಅವನನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿಸುತ್ತೇವೆ. ವಾರಕ್ಕೊಂದು ರಜೆ ಕೇಳಿದರೆ ನಾಳೆಯಿಂದ ಬರಬೇಡ ಎನ್ನುತ್ತೇವೆ. ಎಲ್ಲಿಯಾದರೂ ಕಳವಾದರೆ ಮೊದಲು ಅವನ ಕಡೆಗೇ ಬೆರಳು ತೋರಿಸುತ್ತೇವೆ. ಅವನಿಗೂ ಊರಿನಲ್ಲಿ ದಾರಿ ಕಾಯುವ ತಾಯಿ ಇದ್ದಾಳೆ.

ಕಾನೂನು ಗಡಿಯ ಬಾಗಿಲು ತೆರೆಯಬಹುದು. ಮನೆಯ ಬಾಗಿಲು ತೆರೆಯಬೇಕಾದವರು ನಾವೇ. ಕನಿಷ್ಠ ಕೂಲಿ, ವಾರದ ರಜೆ, ಗಾಳಿ ಬೆಳಕಿರುವ ಒಂದು ಕೋಣೆ, ಇಷ್ಟನ್ನು ಪ್ರತಿಯೊಂದು ಕಟ್ಟಡದ ಮಾಲೀಕರ ಸಂಘವೂ ಈ ತಿಂಗಳೇ ತೀರ್ಮಾನಿಸಬಹುದು. ಡೆಟ್ರಾಯಿಟ್‌ನಲ್ಲಿ ನಮ್ಮ ಮಗನಿಗೆ ಬೇಡುವ ನ್ಯಾಯವನ್ನು ಬಿಟಿಎಂನಲ್ಲಿ ಇನ್ನೊಬ್ಬ ತಾಯಿಯ ಮಗನಿಗೆ ಕೊಡದಿದ್ದರೆ, ನಮ್ಮ ದೂರಿಗೆ ಬೆಲೆಯೇನು?