ಪ್ರಶ್ನೆ ಕೇಳುವ ಮಕ್ಕಳು

ಕಂಠಪಾಠವನ್ನು ತಪ್ಪಿಲ್ಲದೆ ಒಪ್ಪಿಸುವ ಮಗುವನ್ನು ಜಾಣನೆಂದು ಕೊಂಡಾಡುವುದು ನಮ್ಮಲ್ಲಿ ಬಹುಕಾಲದ ರೂಢಿ. ‘ಇದು ಹೀಗೇಕೆ?’ ಎಂದು ಕೇಳುವ ಮಗುವನ್ನಾದರೋ ಅಧಿಕಪ್ರಸಂಗಿಯೆಂದು ಗದರಿಸಿ ಕೂಡಿಸುತ್ತೇವೆ. ಬರೆದುಕೊಟ್ಟ ಕಾಗದಕ್ಕೆ ಓದದೆಯೇ ರುಜು ಹಾಕುವ ಪ್ರಜೆ ಈ ರೂಢಿಯ ಫಲವೇ ಸರಿ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟಿದ್ದು, ರಾಜ್ಯದಲ್ಲೆಲ್ಲ ಕಡೆಯದಾಗಿತ್ತು. ಇಂಥ ಸೀಮೆಯಲ್ಲಿ ಮೊದಲು ಅಕ್ಷರ ಬರಲಿ, ವಿಚಾರಶಕ್ತಿಯ ಮಾತು ಆಮೇಲಿರಲಿ ಎನ್ನುವವರುಂಟು. ಈ ವಾದವನ್ನು ನಾವು ಒಪ್ಪಲಾರೆವು. ಅರ್ಥವರಿಯದೆ ಕಲಿತ ಅಕ್ಷರವು ಶಾಲೆ ಬಿಟ್ಟೊಡನೆ ಮರೆತುಹೋಗುವುದು.

ಮಾಡಿ ಕಲಿಯುವ ಮಾರ್ಗವು ನಮಗೆ ಹೊಸತೇನೂ ಅಲ್ಲ. ಅಮೆರಿಕೆಯ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾಪದ್ಧತಿಯನ್ನು ಪ್ರತಿಪಾದಿಸಿದನು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕೈಕಸುಬಿನ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ಮುಂದಿಟ್ಟರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿಯು 2009ರಿಂದೀಚೆಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಸುರಪುರ ತಾಲೂಕು ಕೂಡ ಈ ಶತಮಾನದ ಮೊದಲ ದಶಕದಲ್ಲಿ ಮಕ್ಕಳ ಸ್ನೇಹಿ ಶಾಲೆಯ ಪ್ರಯೋಗವನ್ನು ಕಂಡಿದೆ.

ಆದರೆ ಎಷ್ಟೋ ಕಡೆ ಪ್ರಾಜೆಕ್ಟೆಂದರೆ ಅಂಗಡಿಯಿಂದ ಚಾರ್ಟು ತಂದು, ತಾಯಿತಂದೆಗಳೇ ಚಿತ್ರ ಅಂಟಿಸಿ ಕಳುಹುವ ಕೆಲಸವಾಗಿದೆ. ಇದರಲ್ಲಿ ಮಗುವಿನ ಬುದ್ಧಿಗೆ ಕೆಲಸವೆಲ್ಲಿ? ಇದಕ್ಕೆ ಬದಲು ಕಕ್ಕೇರಾದ ಮಕ್ಕಳು ಎರಡು ಕುಂಡಗಳಲ್ಲಿ ತೊಗರಿಕಾಳು ಬಿತ್ತಲಿ. ಒಂದನ್ನು ಬಿಸಿಲಲ್ಲಿ, ಇನ್ನೊಂದನ್ನು ಕತ್ತಲೆಯಲ್ಲಿ ಇಡಲಿ. ಯಾವುದು ಎತ್ತರ ಬೆಳೆದೀತೆಂದು ಮೊದಲೇ ಊಹಿಸಲಿ. ಬಿಸಿಲಿನದೇ ಎಂದು ಹೆಚ್ಚಿನವರು ಹೇಳುವರು. ಹತ್ತು-ಹನ್ನೆರಡು ದಿನಗಳಾದ ಮೇಲೆ ನೋಡಿದರೆ ಕತ್ತಲೆಯ ಸಸಿಯೇ ಉದ್ದವಾಗಿರುವುದು. ಆದರೆ ಬಿಳಿಚಿಕೊಂಡು ಬಾಗಿರುವುದು. ಊಹೆ ಏಕೆ ತಪ್ಪಿತು? ಎತ್ತರ ಬೆಳೆದದ್ದೆಲ್ಲ ಗಟ್ಟಿಯೇ? ಇಲ್ಲಿಂದಲೇ ವಿಚಾರಶಕ್ತಿಯು ಮೊಳೆಯುವುದು. ಇದಕ್ಕೆ ಬೇಕಾದದ್ದು ಹಿಡಿ ತೊಗರಿ ಮತ್ತು ತಾಳ್ಮೆಯುಳ್ಳ ಉಪಾಧ್ಯಾಯರು.

ಆ ತಾಳ್ಮೆಗೆ ಅವಕಾಶ ಕೊಡುವುದು ಅಧಿಕಾರಿಗಳ ಹೊಣೆ. ವರದಿ ಬರೆಯುವುದರಲ್ಲಿಯೇ ಹೊತ್ತು ಕಳೆಯುವ ಉಪಾಧ್ಯಾಯರಿಂದ ಇಂಥ ಪಾಠವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ತಪಾಸಣೆಗೆ ಬಂದವರು ದಫ್ತರವನ್ನು ತಿರುವಿಹಾಕುವುದಕ್ಕೆ ಮುಂಚೆ, ಈ ವಾರ ಮಕ್ಕಳು ಕೇಳಿದ ಪ್ರಶ್ನೆಗಳು ಯಾವುವೆಂದು ವಿಚಾರಿಸಲಿ.

ಊರ ಮಹನೀಯರಿಗೂ ನಮ್ಮದೊಂದು ಬಿನ್ನಹ. ಮನೆಯಲ್ಲಿ ಮಗು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿರಿ. ಇಂದು ಸಸಿಯ ಲೆಕ್ಕ ಕೇಳಿದ ಮಗುವೇ ನಾಳೆ ಪುರಸಭೆಯ ಲೆಕ್ಕವನ್ನೂ ಕೇಳತಕ್ಕದ್ದು. ಸ್ವರಾಜ್ಯವು ಉಳಿಯುವುದು ಅಂಥವರಿಂದಲೇ.