ಹಣ ಕನ್ನಡಿಗನದು, ದೂರು ಮಾತ್ರ ಇಂಗ್ಲಿಷಿನಲ್ಲಿ!



ಮೊಬೈಲ್ ಆಟದ ವಿಷಯ, ಹೈಕಳ ಸಮಾಚಾರ, ನಮಗೇಕೆ ಎಂದು ಪುಟ ತಿರುವಬೇಡಿ. ಇದು ನಿಮ್ಮ ಮನೆಯ ಹಣದ ಪ್ರಶ್ನೆ, ನಿಮ್ಮ ಮಕ್ಕಳ ಬಾಯಿಗೆ ಹಾಕಿದ ಬೀಗದ ಪ್ರಶ್ನೆ.

ನನ್ನ ಪ್ರೆಸ್ಸಿಗೆ ಬಂದುಹೋಗುವ ಒಬ್ಬ ಹುಡುಗ ಇದ್ದಾನೆ. ಪಿಯುಸಿ ಓದುತ್ತಾನೆ. ರಜೆಯಲ್ಲಿ ಆಲೂಗೆಡ್ಡೆ ಮೂಟೆ ಹೊತ್ತು ಕೂಡಿಸಿದ ದುಡ್ಡಿನಲ್ಲಿ ಒಂದು ವಿದೇಶಿ ಆಟದೊಳಗೆ ಏನೋ ವೇಷಭೂಷಣ ಕೊಂಡಿದ್ದ. ಕಂಪನಿಯವರು ಆಟಕ್ಕೆ ಹೊಸ ಅಪ್‌ಡೇಟ್ ಕೊಟ್ಟರು. ಮಾರನೇ ದಿನ ನೋಡಿದರೆ ಕೊಂಡದ್ದು ಮಾಯ! ಹುಡುಗ ಬುದ್ಧಿವಂತ. ನನ್ನ ಕಂಪ್ಯೂಟರಿನಲ್ಲಿ ಕೂತು ಎಂಟು ಸಾಲಿನ ದೂರನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದ. ಯಾವ ಹಂತದಲ್ಲಿದ್ದೆ, ಏನನ್ನು ಒತ್ತಿದೆ, ಆಮೇಲೆ ಏನಾಯಿತು, ಎಲ್ಲ ವಿವರವಾಗಿ ಬರೆದ. ಬಂದ ಉತ್ತರವೇನು? ದಯವಿಟ್ಟು ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು!

"ಅಣ್ಣ, ನೀವೇ ಬರ್ಕೊಡಿ" ಎಂದ. ನಾನೂ ಪಿಯುಸಿಯವನೇ. ಇಬ್ಬರೂ ತಲೆ ಕೆರೆದುಕೊಂಡು ಮೂರು ಸಾಲು ಕೂಡಿಸಿದೆವು. ಉಳಿದ ಐದು ಸಾಲು ಇಂಗ್ಲಿಷಿಗೆ ಬಗ್ಗಲಿಲ್ಲ. ತಪ್ಪು ಎಲ್ಲಿ ನಡೆದಿದೆ ಎಂದು ಹೇಳುವ ಸಾಲುಗಳೇ ಆ ಐದು! ಹಣವೂ ಬರಲಿಲ್ಲ, ವೇಷವೂ ಬರಲಿಲ್ಲ. ಹಣ ಈಸಿಕೊಳ್ಳುವಾಗ ನಿನಗೆ ಇಂಗ್ಲಿಷ್ ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಮುದ್ರಕನಾಗಿ ನನಗೆ ಈ ಆಟದ ವ್ಯಾಪಾರ ಬೇಗ ಅರ್ಥವಾಯಿತು. ಲಗ್ನಪತ್ರಿಕೆಗೆ ನಾವು ಮೊದಲು ಪ್ರೂಫ್ ತೆಗೆಯುತ್ತೇವೆ. ಹೆಣ್ಣಿನ ತಂದೆ ಬಂದು ಹೆಸರು, ಮುಹೂರ್ತ ಎಲ್ಲ ನೋಡಿ ತಿದ್ದುತ್ತಾನೆ. ತಿದ್ದಿದ ಮೇಲೆ ಅಚ್ಚು. ಇಂದಿನ ಆಟಗಳು ಅಚ್ಚಾದ ಪತ್ರಿಕೆಗಳಲ್ಲ, ಮುಗಿಯದ ಪ್ರೂಫುಗಳು. ಅರ್ಧ ಕಟ್ಟಿದ ಆಟವನ್ನೇ ಮಾರುಕಟ್ಟೆಗೆ ಬಿಡುತ್ತಾರೆ. ಆಡುವವರು ತಪ್ಪು ತೋರಿಸುತ್ತಾರೆ, ಮಾಡಿದವರು ತಿದ್ದುತ್ತಾರೆ. ಇದು ವರ್ಷಗಟ್ಟಲೆ ನಡೆಯುತ್ತದೆ. ಆಡುವವನು ಗಿರಾಕಿಯೂ ಹೌದು, ಸಂಬಳವಿಲ್ಲದ ಪ್ರೂಫ್ ರೀಡರೂ ಹೌದು!

ಸ್ವೀಡನ್ನಿನ 'ಮೈನ್‌ಕ್ರಾಫ್ಟ್' ಆಟ 2009ರಲ್ಲೇ ಜನರ ಕೈಗೆ ಬಂತು. ಪೂರ್ಣ ಆವೃತ್ತಿ ಎಂದು ಘೋಷಿಸಿದ್ದು 2011ರ ನವೆಂಬರ್‌ನಲ್ಲಿ. ನಡುವಿನ ಅವಧಿಯಲ್ಲಿ ಕಡಿಮೆ ಬೆಲೆಗೆ ಮಾರುತ್ತಲೇ, ಆಡುವವರ ಮಾತು ಕೇಳುತ್ತಲೇ ಬೆಳೆಸಿದರು. 2014ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು 250 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬೆಲ್ಜಿಯಂನ ಲೇರಿಯನ್ ಕಂಪನಿ 'ಬಾಲ್ಡರ್ಸ್ ಗೇಟ್ 3' ಆಟದ ಮೊದಲ ಭಾಗವನ್ನಷ್ಟೇ 2020ರ ಅಕ್ಟೋಬರ್‌ನಲ್ಲಿ ಬಿಟ್ಟು, ಆಡಿದವರ ಅಭಿಪ್ರಾಯ ತೆಗೆದುಕೊಂಡು, 2023ರ ಆಗಸ್ಟ್‌ನಲ್ಲಿ ಪೂರ್ತಿ ಆಟ ಕೊಟ್ಟಿತು. ಆಡುವವನ ಮಾತಿಗೆ ಇಷ್ಟು ಬೆಲೆ ಇದೆ. ಆದರೆ ಯಾವ ಭಾಷೆಯ ಮಾತಿಗೆ?

ಆಟದವರು ಬದಲಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಭಾರತಕ್ಕೆಂದೇ ಬೇರೆ ಹೆಸರಿನಲ್ಲಿ ಅದನ್ನು ತಂದಾಗ ರಕ್ತದ ಬಣ್ಣ ಹಸಿರಾಗಿತ್ತು! ದೆಹಲಿ ಕಣ್ಣು ಕೆಂಪು ಮಾಡಿದರೆ ಆಟದ ರಕ್ತ ಹಸಿರಾಗುತ್ತದೆ. ರಕ್ತದ ಬಣ್ಣವನ್ನೇ ಬದಲಿಸಬಲ್ಲ ಈ ಉದ್ಯಮಕ್ಕೆ ದೂರು ಪೆಟ್ಟಿಗೆಯ ಭಾಷೆ ಬದಲಿಸುವುದು ಮಹಾ ಕಷ್ಟವೇ? ಒಂದು ಕಂಪನಿಗೆ ಕೇಳುವ ಪ್ರಶ್ನೆಯಲ್ಲ ಇದು. ಕನ್ನಡ ನಾಡಿನಲ್ಲಿ ದುಡ್ಡು ಎಣಿಸುವ ಪ್ರತಿಯೊಬ್ಬನಿಗೂ ಕೇಳುವ ಪ್ರಶ್ನೆ.

ಕನ್ನಡದ ದೂರು ಅವರ ಕಿವಿಗೆ ಬೀಳದಿದ್ದರೆ ಏನಾಗುತ್ತದೆ ನೋಡಿ. ಆಟ ಕಟ್ಟುವವರು ಹೆಚ್ಚಾಗಿ ಬಳಸುವ ಸಲಕರಣೆಗಳಲ್ಲಿ 'ಯೂನಿಟಿ' ಒಂದು. ಅದರಲ್ಲಿ ಅಕ್ಷರ ಮೂಡಿಸುವ 'ಟೆಕ್ಸ್ಟ್‌ಮೆಶ್ ಪ್ರೊ' ಎಂಬ ಭಾಗಕ್ಕೆ ಬಹುಕಾಲ ನಮ್ಮ ಒತ್ತಕ್ಷರ ಕೂಡಿಸುವುದೇ ಬರುತ್ತಿರಲಿಲ್ಲ. 'ಅಕ್ಕ' ಎಂದು ಬರೆದರೆ 'ಅಕ್‌ಕ' ಎಂದು ಕಾಣುತ್ತದೆ. ಮೊಳೆ ಜೋಡಿಸುವ ಕಾಲದಲ್ಲಿ ಹೀಗೆ ಕಂಪೋಸ್ ಮಾಡಿದ್ದರೆ ಹಿರಿಯ ಕಂಪೋಸಿಟರುಗಳು ಕೈ ಮೇಲೆ ಹೊಡೆಯುತ್ತಿದ್ದರು! ಇದು ಆಗದ ಕೆಲಸವೇನಲ್ಲ. 2023ರ ಮಾರ್ಚ್‌ನಲ್ಲಿ ಬಂದ 'ಗೊಡೊ 4' ಎಂಬ ಉಚಿತ ಸಲಕರಣೆ ಇಂತಹ ಲಿಪಿಗಳನ್ನು ಜೋಡಿಸಬಲ್ಲದು. ಒತ್ತು ಮುರಿದದ್ದನ್ನು ಕಾಣುವುದು ಕನ್ನಡಿಗನ ಕಣ್ಣು. ಆ ಕಣ್ಣು ಕಂಡದ್ದನ್ನು ಹೇಳಲು ಬಾಯಿ ಕೊಡದಿದ್ದರೆ ಮುರಿದ ಒತ್ತು ಮುರಿದೇ ಇರುತ್ತದೆ. ಆಮೇಲೆ ಅವರೇ ಹೇಳುತ್ತಾರೆ, ಕನ್ನಡಕ್ಕೆ ಬೇಡಿಕೆಯೇ ಇಲ್ಲ ಎಂದು!

ಕೆಲವು ಹಿರಿಯರು ನನ್ನನ್ನು ಬೈಯಬಹುದು. ಹುಡುಗರು ಆಟದಿಂದ ಹಾಳಾಗುತ್ತಿದ್ದಾರೆ, ನೀನು ಅದಕ್ಕೆ ಕನ್ನಡದ ಬಾಗಿಲು ತೆರೆಯಲು ಹೊರಟಿದ್ದೀಯಾ ಎಂದು. ಹಣ ಕಟ್ಟಿ ಆಡುವ ಜೂಜಿನ ಪರ ನಾನಿಲ್ಲ. ಅದನ್ನು 2025ರಲ್ಲಿ ಸಂಸತ್ತೇ ಕಾನೂನು ಮಾಡಿ ನಿಷೇಧಿಸಿದೆ. ಆದರೆ ಒಂದು ಮಾತು ಕೇಳಿ. ಮಗ ಅಪ್ಪನ ಫೋನಿನಿಂದ ಸಾವಿರಾರು ರೂಪಾಯಿ ಕಳೆದ ಎಂದಿಟ್ಟುಕೊಳ್ಳಿ. ಅದನ್ನು ತಡೆಯಬೇಕು, ಹಣ ವಾಪಸು ಕೇಳಬೇಕು ಎಂದರೆ ಹಳೇಕೋಟೆಯ ತಾಯಿ ಯಾವ ಭಾಷೆಯಲ್ಲಿ ಬರೆಯಬೇಕು? ಆಟ ಬೇಕೆನ್ನುವ ಮಗನಿಗಿಂತ ಆಟ ಬೇಡವೆನ್ನುವ ತಾಯಿಗೇ ಕನ್ನಡದ ದೂರು ಪೆಟ್ಟಿಗೆ ಹೆಚ್ಚು ಬೇಕು.

ಇನ್ನು ಕಾನೂನು. ಅಂತರ್ಜಾಲದ ಮಧ್ಯವರ್ತಿ ಕಂಪನಿಗಳು ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಟ್ಟು 15 ದಿನದೊಳಗೆ ಇತ್ಯರ್ಥ ಮಾಡಬೇಕೆಂದು ಕೇಂದ್ರದ 2021ರ ನಿಯಮ ಹೇಳಿತು. 2022ರ ಅಕ್ಟೋಬರ್‌ನ ತಿದ್ದುಪಡಿಯಂತೆ ಅವು ತಮ್ಮ ಷರತ್ತುಗಳನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ 8ನೇ ಅನುಸೂಚಿಯ ಭಾಷೆಯಲ್ಲಾಗಲಿ, ಬಳಕೆದಾರ ಆರಿಸಿದ ಭಾಷೆಯಲ್ಲಿ ತಿಳಿಸಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಅಂದರೆ ಕಂಪನಿ ನಮಗೆ ಹೇಳುವುದಕ್ಕೆ ಭಾಷೆಯ ನಿಯಮವಿದೆ, ನಾವು ಕಂಪನಿಗೆ ಹೇಳುವುದಕ್ಕೆ ಅಂಥ ನಿಯಮ ಬರೆದಿಲ್ಲ. ಕಿವಿ ನಮಗೆ ಕೊಟ್ಟರು, ಬಾಯಿ ಕೊಡಲಿಲ್ಲ!

ನಮ್ಮ ರಾಜ್ಯ ಸರ್ಕಾರವೇನು ಮಾಡುತ್ತಿದೆ? ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ತಂದ ರಾಜ್ಯ ಕರ್ನಾಟಕ. 2024ರಿಂದ 2029ರವರೆಗಿನ ಹೊಸ ನೀತಿಯಲ್ಲಿ 30,000 ಉದ್ಯೋಗ ಸೃಷ್ಟಿಯ ಗುರಿ ಹಾಕಿಕೊಂಡಿದೆ. ಸಂತೋಷ. ಅದೇ 2024ರಲ್ಲಿ ಅಂಗಡಿ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು ಶಾಸನಸಭೆ ತಿದ್ದುಪಡಿ ಅಂಗೀಕರಿಸಿತು. ಅದೂ ಸಂತೋಷ. ಬೀದಿಯ ಬೇಕರಿಗೆ ಇರುವ ಕಟ್ಟಳೆ ಮೊಬೈಲಿನೊಳಗಿನ ಕೋಟ್ಯಧೀಶನಿಗೆ ಏಕಿಲ್ಲ? ಫಲಕ ಕನ್ನಡವಾಗಿ ಗಲ್ಲಾಪೆಟ್ಟಿಗೆಯ ಹಿಂದಿನ ಕಿವಿ ಇಂಗ್ಲಿಷಾಗಿಯೇ ಉಳಿದರೆ ಅದೆಂಥ ಕನ್ನಡ?

ನಮ್ಮ ಬೇಡಿಕೆ ಮೂರೇ ಮೂರು. ಒಂದು, ರಾಜ್ಯದ ಗೇಮಿಂಗ್ ನೀತಿಯಡಿ ರಿಯಾಯಿತಿ, ಸಹಾಯಧನ ಪಡೆಯುವ ಕಂಪನಿ ಕನ್ನಡದಲ್ಲಿ ಬಂದ ದೂರು, ಸಲಹೆಗಳನ್ನು ಸ್ವೀಕರಿಸಿ ಕನ್ನಡದಲ್ಲೇ ಉತ್ತರಿಸಬೇಕು. ಎರಡು, ಆ ಕೆಲಸಕ್ಕೆ ಕನ್ನಡದ ಮಕ್ಕಳನ್ನೇ ನೇಮಿಸಬೇಕು. ಹಾಸನದ ಪದವೀಧರ ಮಾಡಲಾಗದ ಕೆಲಸವಲ್ಲ ಅದು. ಮೂರು, ಷರತ್ತಿಗೆ ಇರುವ ಭಾಷೆಯ ಆಯ್ಕೆಯನ್ನು ದೂರಿಗೂ ವಿಸ್ತರಿಸುವಂತೆ ನಮ್ಮ ಸಂಸದರು ದೆಹಲಿಯಲ್ಲಿ ಬಾಯಿಬಿಡಬೇಕು. ಭಾಷಾಂತರ ಕಷ್ಟ ಎಂಬ ನೆಪ ನಡೆಯುವುದಿಲ್ಲ. ಗೂಗಲ್ ಭಾಷಾಂತರ ಯಂತ್ರಕ್ಕೆ ಕನ್ನಡ ಸೇರಿದ್ದೇ 2011ರಲ್ಲಿ!

ಕೊನೆಗೆ ನಮ್ಮ ತಪ್ಪನ್ನೂ ಹೇಳಬೇಕು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ. ಮೈನ್‌ಕ್ರಾಫ್ಟಿನ ಕಂಪ್ಯೂಟರ್ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಇಂದು ಕನ್ನಡವಿದೆ. ಯಾವ ಮಂತ್ರಿಯೂ ತಂದದ್ದಲ್ಲ, ಸಂಬಳವಿಲ್ಲದೆ ಕೂತು ಪದಪದವನ್ನೂ ಕನ್ನಡಕ್ಕೆ ತಂದ ಸ್ವಯಂಸೇವಕರ ದುಡಿಮೆ. ಹಾಗಾದರೆ ಉಳಿದ ನಾವೇಕೆ ನಾಚಿಕೊಂಡು ಹರಕು ಇಂಗ್ಲಿಷಿನಲ್ಲಿ ಬರೆಯಬೇಕು? ಇಂದಿನಿಂದ ಪ್ರತಿಯೊಬ್ಬ ಹುಡುಗ, ಹುಡುಗಿ ತಮ್ಮ ದೂರನ್ನು ಕನ್ನಡದಲ್ಲೇ ಕಳಿಸಲಿ. ಇಂಗ್ಲಿಷಿನಲ್ಲಿ ಬರೆ ಎಂದರೆ ಮತ್ತೆ ಕನ್ನಡದಲ್ಲೇ ಕಳಿಸಲಿ. ಒಂದು ದೂರನ್ನು ಕಸದ ಬುಟ್ಟಿಗೆ ಹಾಕಬಹುದು, ಹತ್ತು ಸಾವಿರ ದೂರನ್ನು ಹಾಕಲಾಗದು.

1982ರಲ್ಲಿ ಗೋಕಾಕ್ ಚಳವಳಿಗೆ ನಮ್ಮ ಹಿರಿಯರು ಬೀದಿಗಿಳಿದದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ ಬೇಕೆಂದು. ಇಂದು ಮಕ್ಕಳು ಮೊಬೈಲಿನಲ್ಲೂ ಹೊತ್ತು ಕಳೆಯುತ್ತಿದ್ದಾರೆ. ಅಲ್ಲಿ ಕನ್ನಡಕ್ಕೆ ಮಣೆ ಇರಲಿ, ನೆಲದ ಮೇಲೆ ಕೂರಲೂ ಜಾಗವಿಲ್ಲ. 1996ರಲ್ಲಿ ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ಊರು ನಮ್ಮ ಹರದನಹಳ್ಳಿ. ಈ ಊರಿನ ದನಿ ದೆಹಲಿಗೆ ಮುಟ್ಟಿದೆ. ಒಂದು ಆಟದ ಕಂಪನಿಯ ಕಿವಿಗೆ ಮುಟ್ಟುವುದಿಲ್ಲವೇ?

ಆ ಹುಡುಗನ ಎಂಟು ಸಾಲಿನ ದೂರನ್ನು ನಾನು ಅಚ್ಚು ಹಾಕಿ ಪ್ರೆಸ್ಸಿನ ಗೋಡೆಗೆ ಅಂಟಿಸಿದ್ದೇನೆ. ಉತ್ತರ ಕನ್ನಡದಲ್ಲಿ ಬರುವವರೆಗೆ ಅದು ಅಲ್ಲೇ ಇರುತ್ತದೆ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!

ಹರದನಹಳ್ಳಿಯ ಒಬ್ಬ ಮುದ್ರಕ